ಮಂಜು, ಮಳೆ, ಕತ್ತಲೆ ಗುಡಿ: ನಮ್ಮ ಕಡೆ ಸುತ್ತಾಡೋಕೆ ಮೊದಲ ಕ್ಯಾಮೆರಾ ಹೆಂಗೆ ಆರಿಸ್ಕೋಬೇಕು

ಕ್ಯಾಮೆರಾ ತಗೋಬೇಕು ಅಂತ ಅಂಗಡಿಗೆ ಹೋದವರು ಮೊದಲು ಕೇಳೋದೇ ಎಷ್ಟು ಮೆಗಾಪಿಕ್ಸೆಲ್, ಎಷ್ಟು ಝೂಮ್ ಅಂತ. ಹಾಸನ, ಚಿಕ್ಕಮಗಳೂರು ಕಡೆ ಸುತ್ತಾಡೋಕೆ ಅಂತ ತಗೊಳ್ಳೋದಾದ್ರೆ ಈ ಎರಡೂ ಪ್ರಶ್ನೆ ಆಮೇಲಕ್ಕೆ ಇರ್ಲಿ, ಕಮ್ಮಿ ಬೆಳಕಲ್ಲಿ ಇದು ಹೆಂಗೆ ತೆಗೆಯತ್ತೆ ಅನ್ನೋದನ್ನ ಮೊದಲು ಕೇಳಿ. ಯಾಕಂದ್ರೆ ನಮ್ಮ ಕಡೆ ಜನ ನೋಡೋಕೆ ಹೋಗೋ ಜಾಗದಲ್ಲಿ ಅರ್ಧಕ್ಕರ್ಧ ಬೆಳಕು ಕಮ್ಮಿ ಇರೋ ಜಾಗಗಳೇ. ಬೇಲೂರು ಚೆನ್ನಕೇಶವನ ಗುಡಿ ಒಳಗೆ ಹೋದ್ರೆ ಬಾಗಿಲಿಂದ, ಜಾಲಂಧ್ರದಿಂದ ಬರೋ ಬೆಳಕೇ ಮುಖ್ಯ, ಕಲ್ಲೂ ಕಪ್ಪು, ಮೇಲೆ ಚಾವಣಿಯ ಕೆತ್ತನೆ, ಭುವನೇಶ್ವರಿ ಅಂತಾರಲ್ಲ, ಅದನ್ನ ನೋಡ್ಬೇಕು ಅಂದ್ರೆ ಕಣ್ಣು ಹೊಂದ್ಕೊಳ್ಳೋಕೇ ಸ್ವಲ್ಪ ಹೊತ್ತು ಬೇಕು. ಮುತ್ತೋಡಿ ಕಾಡಲ್ಲಿ ಬೆಳಗಿನ ಸಫಾರಿ, ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಮೇಲೆ ಮಟಮಟ ಮಧ್ಯಾಹ್ನಾನೂ ಬಿಡದೇ ಇರೋ ಮಂಜು, ಕಾಫಿ ತೋಟದೊಳಗಿನ ಮರದ ನೆರಳು, ಎಲ್ಲಾ ಅದೇ ಕಥೆ. ಬಿಸಿಲಲ್ಲಿ ಚೆನ್ನಾಗಿ ತೆಗೆಯೋ ಕ್ಯಾಮೆರಾ ಯಾವ ರೇಟಿಗೆ ಬೇಕಾದ್ರೂ ಸಿಗತ್ತೆ, ಇಂಥ ಕಡೆ ತೆಗೆಯೋದನ್ನ ಹುಡುಕಿ ತಗೋಬೇಕು.

ಇದು ಇದುವರೆಗೂ ಕ್ಯಾಮೆರಾ ಹಿಡೀದೇ ಇರೋರಿಗೆ ಬರೀತಿರೋದು. ಜೇಬಲ್ಲೋ ಹೆಗಲಿನ ಸಣ್ಣ ಬ್ಯಾಗಲ್ಲೋ ಹಾಕ್ಕೊಂಡು, ಆನ್ ಮಾಡಿದ ತಕ್ಷಣ ತೆಗೆಯೋ ಅಂಥದ್ದು ಬೇಕು ಅನ್ನೋರಿಗೆ.

ಹೆಜ್ಜೆ 1: ಮೊಬೈಲ್ ಗ್ಯಾಲರಿ ತೆಗೆದು ನೋಡಿ

ಅಂಗಡಿಗೆ ಹೋಗೋಕೆ ಮುಂಚೆ ಮನೇಲೇ ಮಾಡೋ ಕೆಲ್ಸ ಇದು. ಹಿಂದಿನ ಟ್ರಿಪ್‌ಗಳ ಫೋಟೋ ಎಲ್ಲಾ ತೆಗೆದು ಯಾವುದು ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ಒಂದೊಂದೇ ನೋಡಿ. ಗುಡಿ ಒಳಗಿನದ್ದು, ಸಂಜೆ ಆದ್ಮೇಲಿನದ್ದು ಕಾಳು ಕಾಳಾಗಿ, ಮುಖಕ್ಕೆ ಬಣ್ಣ ಬಳಿದಂಗೆ ಆಗಿದ್ರೆ ನಿಮಗೆ ಬೇಕಿರೋದು ದೊಡ್ಡ ಸೆನ್ಸರ್ (ಬೆಳಕು ಹಿಡಿದು ಫೋಟೋ ಮಾಡೋ ಚಿಪ್ಪು) ಮತ್ತೆ ಬೆಳಕು ಜಾಸ್ತಿ ಬಿಡೋ ಲೆನ್ಸ್. ದೂರದ ಮದನಿಕೆ, ಮರದ ಮೇಲಿನ ಹಕ್ಕಿ ಮಸುಕಾಗಿದ್ರೆ ಬೇಕಿರೋದು ಲೆನ್ಸೇ ಹತ್ರ ತರೋ ಆಪ್ಟಿಕಲ್ ಝೂಮ್. ಮಕ್ಕಳು ಕಲ್ಲತ್ತಿಗಿರಿಯಲ್ಲೋ ಹೆಬ್ಬೆಯಲ್ಲೋ ನೀರಲ್ಲಿ ಆಡೋದು ತೆಗೆಯೋಕೆ ಮೊಬೈಲ್ ಹೊರಗೆ ತೆಗೆಯೋ ಧೈರ್ಯ ಬಂದಿಲ್ಲ ಅಂದ್ರೆ ವಾಟರ್‌ಪ್ರೂಫ್ ಬೇಕು. ಈ ಮೂರೂ ಒಂದೇ ಸಣ್ಣ ಕ್ಯಾಮೆರಾದಲ್ಲಿ ಸಿಗಲ್ಲ, ಅದನ್ನ ಮೊದಲೇ ಮನಸ್ಸಿಗೆ ಹಾಕ್ಕೊಂಡ್ರೆ ಆಮೇಲೆ ಬೇಜಾರಾಗಲ್ಲ. ಯಾವ ಫೋಟೋನೂ ಕೆಟ್ಟಂಗೆ ಕಾಣ್ತಿಲ್ಲ ಅಂದ್ರೆ ಈಗ್ಲೇ ಕ್ಯಾಮೆರಾ ತಗೋಬೇಡಿ, ಆ ದುಡ್ಡಲ್ಲಿ ಇನ್ನೂ ನಾಲ್ಕು ಜಾಗ ನೋಡ್ಕೊಂಡು ಬನ್ನಿ.

ಹೆಜ್ಜೆ 2: ಸೆನ್ಸರ್ ಸೈಜು

ಇದನ್ನ ಅರ್ಥ ಮಾಡ್ಕೊಂಡ್ರೆ ಮುಕ್ಕಾಲು ಕೆಲ್ಸ ಮುಗೀತು. ಕಮ್ಮಿ ರೇಟಿನ ಕಾಂಪ್ಯಾಕ್ಟ್‌ಗಳಲ್ಲಿ, ಅಂದ್ರೆ ಜೇಬಿಗೆ ಹಿಡಿಸೋ ಸಣ್ಣ ಕ್ಯಾಮೆರಾಗಳಲ್ಲಿ, ಇರೋದು 1/2.3 ಇಂಚು ಅನ್ನೋ ಸೆನ್ಸರ್, ಅಳತೆ ಸುಮಾರು 6.2 ಇಂಟು 4.6 ಮಿಲಿಮೀಟರ್. ಅದರ ಮೇಲಿನದ್ದು 1 ಇಂಚು ಸೆನ್ಸರ್, ಹೆಸರಿಗೆ 1 ಇಂಚು ಅಷ್ಟೆ, ನಿಜವಾದ ಅಳತೆ 13.2 ಇಂಟು 8.8 ಮಿಲಿಮೀಟರ್. ಗುಣಿಸಿ ನೋಡಿ, ಹೆಚ್ಚೂಕಮ್ಮಿ ನಾಲ್ಕು ಪಟ್ಟು ಜಾಗ. ಲೆನ್ಸ್ ಒಂದೇ ಥರದ್ದು ಇದ್ರೆ ಬೆಳಕೂ ನಾಲ್ಕು ಪಟ್ಟು. ಅದಕ್ಕಿಂತ ದೊಡ್ಡದು ಎಪಿಎಸ್‌ಸಿ, ಸುಮಾರು 23.5 ಇಂಟು 15.6.

ಇದರಲ್ಲಿ ಜನಕ್ಕೆ ಗೊತ್ತಿಲ್ದೇ ಇರೋ ವಿಷಯ ಅಂದ್ರೆ ಈಗಿನ ಒಳ್ಳೆ ಮೊಬೈಲ್‌ಗಳ ಮೇನ್ ಕ್ಯಾಮೆರಾ ಸೆನ್ಸರ್ ಈ 1/2.3 ಇಂಚಿಗಿಂತ ದೊಡ್ಡದೇ ಇರತ್ತೆ, ಜೊತೆಗೆ ನಾಲ್ಕಾರು ಫೋಟೋ ಸೇರಿಸಿ ಒಂದು ಮಾಡೋ ಸಾಫ್ಟ್‌ವೇರ್ ಬೇರೆ. ಹಂಗಾಗಿ ಸಣ್ಣ ಸೆನ್ಸರ್ ಕಾಂಪ್ಯಾಕ್ಟ್ ತಗೊಂಡ್ರೆ ನಿಮಗೆ ಹೊಸದಾಗಿ ಸಿಗೋದು ಝೂಮ್ ಒಂದೇ, ಕತ್ತಲೆ ಫೋಟೋ ಮೊಬೈಲ್‌ಗಿಂತ ಕೆಟ್ಟದಾಗೇ ಬರಬಹುದು. ಮೊಬೈಲ್‌ಗಿಂತ ಚೆನ್ನಾಗಿ ಬರ್ಬೇಕು ಅಂತ ಆಸೆ ಇಟ್ಕೊಂಡು ತಗೊಳ್ಳೋರು 1 ಇಂಚಿಗಿಂತ ಕೆಳಗೆ ಇಳೀಲೇಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ.

ಆನ್‌ಲೈನಲ್ಲಿ ಹೆಸರು ಕೇಳಿಲ್ದೇ ಇರೋ ಕಂಪನಿಗಳ ಕ್ಯಾಮೆರಾ 48 ಮೆಗಾಪಿಕ್ಸೆಲ್, 4ಕೆ, 16 ಎಕ್ಸ್ ಡಿಜಿಟಲ್ ಝೂಮ್ ಅಂತೆಲ್ಲಾ ಬರ್ಕೊಂಡು ಕೆಲವೇ ಸಾವಿರಕ್ಕೆ ಬರ್ತಾವಲ್ಲ, ಅವುಗಳ ಹತ್ರ ಹೋಗ್ಬೇಡಿ. ಡಿಜಿಟಲ್ ಝೂಮ್ ಅಂದ್ರೆ ತೆಗೆದ ಫೋಟೋನೇ ಕತ್ತರಿಸಿ ದೊಡ್ಡದು ಮಾಡೋದು, ಅದನ್ನ ನೀವು ಮೊಬೈಲಲ್ಲೇ ಎರಡು ಬೆರಳಲ್ಲಿ ಮಾಡ್ಬಹುದು. ಮೆಗಾಪಿಕ್ಸೆಲ್ 20 ಇದ್ರೆ ಗೋಡೆಗೆ ಹಾಕೋ ದೊಡ್ಡ ಪ್ರಿಂಟಿಗೂ ಸಾಕು, ಆ ವಿಷಯ ಇಲ್ಲಿಗೇ ಬಿಡೋಣ.

ಹೆಜ್ಜೆ 3: ಲೆನ್ಸ್ ಮೇಲೆ ಬರೆದಿರೋ ನಂಬರ್ ಓದೋದು

ಲೆನ್ಸ್ ಸುತ್ತ ಅಥವಾ ಡಬ್ಬಿ ಮೇಲೆ ಎರಡು ಥರ ನಂಬರ್ ಇರತ್ತೆ. ಒಂದು ಎಫ್ ನಂಬರ್. ಎಫ್ 1.8-2.8 ಅಂತಿದ್ರೆ ಝೂಮ್ ಮಾಡದೇ ಇದ್ದಾಗ 1.8, ಪೂರ್ತಿ ಝೂಮ್ ಮಾಡಿದಾಗ 2.8 ಅಂತ ಅರ್ಥ. ಈ ನಂಬರ್ ಕಮ್ಮಿ ಆದಷ್ಟೂ ಬೆಳಕು ಜಾಸ್ತಿ ಒಳಗೆ ಬರತ್ತೆ. ಎಫ್ 1.8ಕ್ಕೂ ಎಫ್ 5.6ಕ್ಕೂ ಇರೋ ವ್ಯತ್ಯಾಸ ಸುಮಾರು ಒಂಬತ್ತು ಹತ್ತು ಪಟ್ಟು. ಹಳೇಬೀಡಲ್ಲಿ ಒಳಗಿನ ಕಂಬ ಒಂದನ್ನ ಎಫ್ 1.8ರಲ್ಲಿ ಐಎಸ್‌ಒ (ಬೆಳಕು ಕಮ್ಮಿ ಇದ್ದಾಗ ಏರಿಸೋ ನಂಬರ್, ಏರಿಸಿದಷ್ಟೂ ಕಾಳು ಜಾಸ್ತಿ) 800 ಇಟ್ಟು ತೆಗೀಬಹುದು ಅಂದ್ಕೊಳ್ಳಿ, ಅದೇ ಕಂಬನ ಅದೇ ಶಟರ್ ಸ್ಪೀಡಲ್ಲಿ, ಅಂದ್ರೆ ಬೆಳಕು ಅಷ್ಟೇ ಹೊತ್ತು ಬಿಟ್ಟು, ಎಫ್ 5.6ರಲ್ಲಿ ತೆಗೀಬೇಕು ಅಂದ್ರೆ ಐಎಸ್‌ಒ 8000 ಹತ್ರ ಹೋಗತ್ತೆ, ಕಡೆತದ ಗೆರೆಗಳೆಲ್ಲಾ ಕಾಳಿನಲ್ಲಿ ಮುಳುಗಿಹೋಗತ್ತೆ. ಹೊಯ್ಸಳ ಶಿಲ್ಪದಲ್ಲಿ ನೋಡೋದೇ ಆ ಗೆರೆ ಅಲ್ವಾ, ಬಳಪದ ಕಲ್ಲಲ್ಲಿ ಒಂದೊಂದು ಮಣಿ ಬಿಡಿಸಿ ಕೆತ್ತಿರೋದು ಫೋಟೋದಲ್ಲಿ ಬರ್ಲಿಲ್ಲ ಅಂದ್ರೆ ತೆಗೆದೂ ಏನು ಬಂತು. ಟ್ರೈಪಾಡ್ ಇಟ್ಕೊಂಡು ತೆಗೀತೀನಿ ಅನ್ನೋದೂ ಸುಲಭ ಅಲ್ಲ, ಪುರಾತತ್ವ ಇಲಾಖೆ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ತಗೋಬೇಕು, ಹಂಗಾಗಿ ಕೈಯಲ್ಲಿ ಹಿಡ್ಕೊಂಡು ತೆಗೆಯೋದೇ ಲೆಕ್ಕ.

ಇನ್ನೊಂದು ನಂಬರ್ ಮಿಲಿಮೀಟರ್, ಕಮ್ಮಿ ಇದ್ರೆ ಅಗಲ ಕಾಣತ್ತೆ, ಜಾಸ್ತಿ ಇದ್ರೆ ದೂರದ್ದು ಹತ್ರ ಬರತ್ತೆ. ಲೆನ್ಸ್ ಮೇಲೆ ಬರೆದಿರೋದು ನಿಜವಾದ ಮಿಲಿಮೀಟರ್, ಅದೇ ನಂಬರಿಗೆ ಎಷ್ಟು ಅಗಲ ಕಾಣತ್ತೆ ಅನ್ನೋದು ಸೆನ್ಸರ್ ಸೈಜಿನ ಮೇಲೆ ಬದಲಾಗತ್ತೆ, ಹಂಗಾಗಿ ಸ್ಪೆಸಿಫಿಕೇಶನ್‌ನಲ್ಲಿ 35 ಎಂಎಂ (ಹಳೇ ಫಿಲ್ಮ್ ಕ್ಯಾಮೆರಾ) ಲೆಕ್ಕದಲ್ಲಿ ಎಷ್ಟು ಅಂತ ಬರೆದಿರ್ತಾರೆ ನೋಡಿ, ಅದನ್ನೇ ಹೋಲಿಸಿ. ಶುರು 24 ಇರ್ಬೇಕು, 28 ಅಲ್ಲ. ಕೇಳೋಕೆ ನಾಲ್ಕೇ ನಂಬರ್ ವ್ಯತ್ಯಾಸ, ಆದ್ರೆ 24ರಲ್ಲಿ ಅಡ್ಡಡ್ಡ 74 ಡಿಗ್ರಿ ಕಾಣತ್ತೆ, 28ರಲ್ಲಿ 65. ಹಳೇಬೀಡಿನ ಜಗಲಿ ಮೇಲೆ ಗೋಡೆಗೆ ಹತ್ರ ನಿಂತು ಆನೆ ಸಾಲಿಂದ ಹಿಡಿದು ಮೇಲಿನ ದೇವರ ಮೂರ್ತಿ ತನಕ ಒಂದೇ ಫೋಟೋದಲ್ಲಿ ತರೋಕೆ, ಶ್ರವಣಬೆಳಗೊಳದಲ್ಲಿ 58 ಅಡಿ ಗೊಮ್ಮಟನ ಪ್ರಾಂಗಣದಲ್ಲೇ ನಿಂತು ಪೂರ್ತಿ ತೆಗೆಯೋಕೆ ಆ ಅಗಲ ಬೇಕೇಬೇಕು, ಹಿಂದಕ್ಕೆ ಹೋಗೋಣ ಅಂದ್ರೆ ಜಾಗ ಇರಲ್ಲ.

ಝೂಮ್ ಕಡೆ ಬಂದ್ರೆ, ಸೂರಿನ ಕೆಳಗಿರೋ ಮದನಿಕೆಯರನ್ನ ತುಂಬಾ ಹತ್ರ ತರೋಕೆ 70 ಸಾಲಲ್ಲ, 100 ಇದ್ರೆ ಪರವಾಗಿಲ್ಲ, 200 ಇದ್ರೆ ಆರಾಮು. ಹಕ್ಕಿ ಅಂದ್ರೆ ಲೆಕ್ಕಾನೇ ಬೇರೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಮರಿ ಮಾಡೋಕೆ ಬರೋ ರಿವರ್ ಟರ್ನ್ ಹಕ್ಕಿಗಳನ್ನ ದೋಣಿಯಿಂದ ತೆಗೀಬೇಕು ಅಂದ್ರೆ 400 ಆದ್ರೂ ಬೇಕು, ಜೇಬಲ್ಲಿ ಹಿಡಿಸೋ ಒಳ್ಳೆ ಬೆಳಕಿನ ಕ್ಯಾಮೆರಾ ಯಾವುದೂ ಅಲ್ಲಿಗೆ ಮುಟ್ಟಲ್ಲ. ಹಕ್ಕಿಯೇ ಮುಖ್ಯ ಅನ್ನೋರು ನಿಕಾನ್ ಪಿ950 ಥರದ ಬ್ರಿಡ್ಜ್ ಕ್ಯಾಮೆರಾ (ಲೆನ್ಸ್ ಬದಲಾಯಿಸೋಕೆ ಬರದ, ದೊಡ್ಡ ಝೂಮಿನದ್ದು) ನೋಡಿ, 24ರಿಂದ 2000 ಎಂಎಂ ತನಕ ಹೋಗತ್ತೆ, ಆದ್ರೆ ತೂಕ ಒಂದು ಕೆಜಿ, ಸೆನ್ಸರ್ ಮತ್ತೆ ಅದೇ 1/2.3 ಇಂಚು, ಬಿಸಿಲಿದ್ರೆ ಮಾತ್ರ ಚೆನ್ನ.

ಹೆಜ್ಜೆ 4: ಕಣ್ಣಿಗೆ, ಕೈಗೆ ಹೊಂದತ್ತಾ

ಬಿಸಿಲಲ್ಲಿ ಹಿಂದಿನ ಸ್ಕ್ರೀನ್ ಏನೂ ಕಾಣಲ್ಲ. ವಿಂಧ್ಯಗಿರಿ ಬಂಡೆ ಮೇಲೆ ಹನ್ನೊಂದು ಗಂಟೆಗೆ ನಿಂತ್ರೆ ಗೊತ್ತಾಗತ್ತೆ, ಕಾಲು ಸುಡ್ತಿರತ್ತೆ, ಸ್ಕ್ರೀನ್ ಕಪ್ಪು. ಅಂಥ ಕಡೆ ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಇದ್ರೆ ದೊಡ್ಡ ಉಪಕಾರ. ಓದೋ ಕನ್ನಡಕ ಹಾಕೋ ಅಪ್ಪ ಅಮ್ಮಂಗೆ ತಗೊಳ್ಳೋದಾದ್ರಂತೂ ವ್ಯೂಫೈಂಡರ್ ಇರೋದನ್ನೇ ನೋಡಿ, ಪಕ್ಕದಲ್ಲಿ ಡಯಾಪ್ಟರ್ ಅಂತ ಸಣ್ಣ ಚಕ್ರವೋ ಲಿವರ್ರೋ ಇರತ್ತೆ, ಅವರ ಕಣ್ಣಿಗೆ ತಕ್ಕಂಗೆ ತಿರುಗಿಸಿಟ್ರೆ ಕನ್ನಡಕ ಹಾಕೋದು ತೆಗೆಯೋದು ತಪ್ಪತ್ತೆ.

ಚಾರ್ಜಿಂಗ್ ಟೈಪ್ ಸಿ ಆದ್ರೆ ಒಳ್ಳೇದು, ಮೊಬೈಲ್ ಪವರ್ ಬ್ಯಾಂಕೇ ಎಷ್ಟೋ ಸಲ ಸಾಕಾಗತ್ತೆ. ಸಣ್ಣ ಕ್ಯಾಮೆರಾಗಳ ಬ್ಯಾಟರಿ ಕಂಪನಿ ಲೆಕ್ಕದಲ್ಲೇ 250 ಫೋಟೋ ಆಸುಪಾಸು, ಬೆಟ್ಟದ ಮೇಲಿನ ಚಳಿಗೆ ಇನ್ನೂ ಕಮ್ಮಿ, ಇನ್ನೊಂದು ಬ್ಯಾಟರಿ ಜೊತೇಲೇ ತಗೊಳ್ಳಿ. ವೈಫೈ ಇದೆಯಾ ನೋಡಿ, ಕ್ಯಾಮೆರಾದಿಂದ ಮೊಬೈಲ್‌ಗೆ ನೇರವಾಗಿ ಬರೋದ್ರಿಂದ ಕುದುರೆಮುಖದ ಕಡೆ ಟವರ್ ಇಲ್ದಿದ್ರೂ ಫೋಟೋ ಇಳಿಸ್ಕೋಬಹುದು.

ಹೆಜ್ಜೆ 5: ಯಾವ ಮಾಡೆಲ್

ಮೇಲಿನ ಮಾತೆಲ್ಲಾ ಸೇರಿಸಿ ನೋಡಿದ್ರೆ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು 1 ಇಂಚು ಸೆನ್ಸರ್ ಕಾಂಪ್ಯಾಕ್ಟ್‌ಗಳು, 300 ಗ್ರಾಂ ಆಸುಪಾಸು.

ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3, 2019ರಲ್ಲಿ ಬಂದಿದ್ದು, 24-100 ಎಂಎಂ, ಎಫ್ 1.8-2.8, ಟಚ್ ಸ್ಕ್ರೀನು ಮೇಲಕ್ಕೆ ತಿರುಗತ್ತೆ, ಮೆನು ಹೊಸಬರಿಗೂ ಬೇಗ ಅರ್ಥ ಆಗತ್ತೆ. ವ್ಯೂಫೈಂಡರ್ ಇಲ್ಲ. ಲೆನ್ಸ್ ಲೆಕ್ಕದಲ್ಲಿ ಗುಡಿಗೂ ಮದನಿಕೆಗೂ ಎರಡಕ್ಕೂ ಆಗೋದು ಇದೇ. ರೀಲ್ಸ್ ಮಾಡೋರು ಮುಗಿಬಿದ್ದು ಇದಕ್ಕೆ ಡಿಮ್ಯಾಂಡ್ ಏರಿದೆ, ಕೆಲವರು ಎಂಆರ್‌ಪಿಗಿಂತ ಜಾಸ್ತಿ ಕೇಳ್ತಾರೆ, ಹಂಗೆ ಕೊಟ್ಟು ತಗೋಬೇಡಿ.

ಸೋನಿ ಆರ್‌ಎಕ್ಸ್100 ಸೀರೀಸ್ 2012ರಿಂದ ಬರ್ತಿದೆ. ಮಾರ್ಕ್ 3, 4, 5ರಲ್ಲಿ 24-70 ಎಂಎಂ, ಎಫ್ 1.8-2.8, ಮೇಲಕ್ಕೆ ಎದ್ದು ಬರೋ ವ್ಯೂಫೈಂಡರ್ರೂ ಇದೆ. ಮಾರ್ಕ್ 7 24-200 ಹೋಗತ್ತೆ, ಫೋಕಸ್ ಬಹಳ ಚುರುಕು, ಆದ್ರೆ ಲೆನ್ಸ್ ಎಫ್ 2.8-4.5. ಹೊಸಬರಿಗೆ ನಾನು ಹೇಳೋದು ಹಳೇ ಮಾರ್ಕ್ 3 ಒಳ್ಳೆ ಕಂಡೀಷನಲ್ಲಿ ಸಿಕ್ಕಿದ್ರೆ ಅದೇ ಸಾಕು, ಬೆಳಕಿನ ವಿಷಯದಲ್ಲಿ ದುಬಾರಿ ಮಾರ್ಕ್ 7ಗಿಂತ ಅದೇ ಮೇಲು. ಜೆಡ್‌ವಿ-1 ಅನ್ನೋದು ಅದೇ ಥರದ 24-70 ಎಫ್ 1.8-2.8, ವಿಡಿಯೋ ಜಾಸ್ತಿ ಮಾಡೋರಿಗೆ, ವ್ಯೂಫೈಂಡರ್ ಇಲ್ಲ.

ರಿಕೋ ಜಿಆರ್ 3 ಜೇಬಿಗೆ ಹೋಗೋ ಸೈಜಲ್ಲಿ ಎಪಿಎಸ್‌ಸಿ ಸೆನ್ಸರ್ ಇರೋದು, 257 ಗ್ರಾಂ, ಆದ್ರೆ ಝೂಮೇ ಇಲ್ಲ, 28 ಎಂಎಂ ಒಂದೇ. ತುಂಬಾ ಇಷ್ಟಪಟ್ಟು ಬಳಸೋರು ಇದಾರೆ, ಮೊದಲನೇ ಕ್ಯಾಮೆರಾ ಆಗಿ ನಾನು ಹೇಳಲ್ಲ.

ನೀರು, ಮಕ್ಕಳು ಅನ್ನೋರಿಗೆ ಓಎಂ ಸಿಸ್ಟಮ್ ಟಿಜಿ-7, 15 ಮೀಟರ್ ನೀರೊಳಗೆ ಹೋಗತ್ತೆ, ಬಿದ್ರೂ ತಡ್ಕೊಳ್ಳತ್ತೆ. ಒಂದು ಸೆಂಟಿಮೀಟರ್ ಹತ್ರದಿಂದ ತೆಗೆಯೋ ಮೈಕ್ರೋಸ್ಕೋಪ್ ಮೋಡ್ ಇದೆ, ಹೂಮಳೆ ಬಿದ್ದ ಮೇಲೆ ಅರಳೋ ಕಾಫಿ ಹೂವಿನ ಮೇಲೆ ಕೂತ ಜೇನು ತೆಗೆಯೋಕೆ ಅಷ್ಟು ಸಲೀಸಾದ್ದು ಇನ್ನೊಂದಿಲ್ಲ. ಸೆನ್ಸರ್ ಸಣ್ಣದು, ಗುಡಿ ಒಳಗೆ ಕೈಕೊಡತ್ತೆ.

ಅಂಗಡಿಯವರು ಕ್ಯಾನನ್ ಆರ್50, ನಿಕಾನ್ ಜೆಡ್30 ಥರ ಲೆನ್ಸ್ ಬದಲಾಯಿಸೋ ಮಿರರ್‌ಲೆಸ್ ತೋರಿಸ್ತಾರೆ, ಸೆನ್ಸರ್ ದೊಡ್ಡದು ಸಾರ್ ಅಂತಾರೆ, ಅದು ನಿಜಾನೇ. ಆದ್ರೆ ಜೊತೆಗೆ ಬರೋ ಕಿಟ್ ಲೆನ್ಸ್ ನೋಡಿ. ಆರ್50 ಜೊತೆ ಬರೋದು 18-45 (ಇದು ಲೆನ್ಸ್ ಮೇಲಿನ ನಿಜವಾದ ಮಿಲಿಮೀಟರ್), ಎಫ್ 4.5-6.3. ಸೆನ್ಸರ್ 1 ಇಂಚಿಗಿಂತ ಮೂರು ಪಟ್ಟು ಹತ್ರ ದೊಡ್ಡದು, ಆದ್ರೆ ಲೆನ್ಸ್ ಎಫ್ 1.8ಗಿಂತ ಆರು ಪಟ್ಟು ಕಮ್ಮಿ ಬೆಳಕು ಬಿಡತ್ತೆ, ಕೊನೆಗೆ ಕತ್ತಲೇಲಿ ಆ ಸಣ್ಣ ಕಾಂಪ್ಯಾಕ್ಟೇ ಗೆಲ್ಲತ್ತೆ. ಮುಂದೆ ಬೇರೆ ಲೆನ್ಸ್ ತಗೊಂಡು ಕಲೀತೀನಿ ಅನ್ನೋ ಮನಸ್ಸಿದ್ರೆ ಮಿರರ್‌ಲೆಸ್‌ಗೆ ಹೋಗಿ, ಕಿಟ್ ಲೆನ್ಸಲ್ಲೇ ಇರ್ತೀನಿ ಅಂದ್ರೆ ಆ ಭಾರ ಯಾಕೆ.

ಹೆಜ್ಜೆ 6: ಅಂಗಡೀಲಿ ಪರೀಕ್ಷೆ

ಹಾಸನದಲ್ಲೋ ಚಿಕ್ಕಮಗಳೂರಲ್ಲೋ ನಿಮಗೆ ಬೇಕಾದ ಮಾಡೆಲ್ ಇಲ್ಲದೇ ಇರಬಹುದು, ಮೊದಲು ಫೋನ್ ಮಾಡಿ ಕೇಳಿ, ತರಿಸಿಕೊಡ್ತಾರಾ ಅಂತಾನೂ ಕೇಳಿ. ಆನ್‌ಲೈನಲ್ಲೇ ತಗೊಂಡ್ರೂ ತಗೊಳ್ಳೋ ಮುಂಚೆ ಬೆಂಗಳೂರಿಗೆ ಹೋದಾಗ ಒಂದ್ಸಲ ಆದ್ರೂ ಕೈಯಲ್ಲಿ ಹಿಡಿದು ನೋಡಿ.

ಹೋಗೋವಾಗ ನಿಮ್ಮದೇ ಒಂದು ಎಸ್‌ಡಿ ಕಾರ್ಡ್ ತಗೊಂಡು ಹೋಗಿ. ಆಫ್ ಆಗಿರೋ ಕ್ಯಾಮೆರಾನ ಜೇಬಿಂದ ತೆಗೆದು ಆನ್ ಮಾಡಿ ಒಂದು ಫೋಟೋ ತೆಗೀರಿ, ಎಷ್ಟು ಹೊತ್ತಾಯ್ತು ನೋಡಿ. ಆಮೇಲೆ ಅಂಗಡಿಯ ಮೂಲೆ, ಕೌಂಟರ್ ಕೆಳಗೆ, ಎಲ್ಲಿ ಬೆಳಕು ಕಮ್ಮಿ ಇದೆಯೋ ಅಲ್ಲಿ ಫ್ಲಾಶ್ ಆಫ್ ಮಾಡಿ ತೆಗೀರಿ, ನಡೀತಿರೋ ಜನರನ್ನ ತೆಗೀರಿ, ಬಾಗಿಲ ಹತ್ರ ನಿಂತು ಅರ್ಧ ಒಳಗೆ ಅರ್ಧ ಬಿಸಿಲು ಬರೋ ಹಂಗೆ ಒಂದು ತೆಗೀರಿ. ಅದೇ ಜಾಗದಲ್ಲಿ ನಿಮ್ಮ ಮೊಬೈಲಲ್ಲೂ ತೆಗೀರಿ. ಅಂಗಡಿಯವರ ಪುಟ್ಟ ಸ್ಕ್ರೀನಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ, ಅಲ್ಲಿ ಎಲ್ಲಾ ಚೆನ್ನಾಗೇ ಕಾಣತ್ತೆ, ಮನೆಗೆ ಬಂದು ದೊಡ್ಡ ಸ್ಕ್ರೀನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ದಿನ ತಡ ಆದ್ರೆ ಏನೂ ಆಗಲ್ಲ.

ಬಿಲ್ ಜಿಎಸ್‌ಟಿ ಬಿಲ್ಲೇ ಆಗಿರ್ಲಿ, ಕ್ಯಾಮೆರಾ ಸೀರಿಯಲ್ ನಂಬರ್ ಬಿಲ್ ಮೇಲೆ ಬರೆಸ್ಕೊಳ್ಳಿ, ಕಂಪನಿಯ ಇಂಡಿಯಾ ವಾರಂಟಿ ಇದೆಯಾ ಖಚಿತ ಮಾಡ್ಕೊಳ್ಳಿ. ಹೊರದೇಶದಿಂದ ತಂದು ಮಾರೋ ಗ್ರೇ ಮಾರ್ಕೆಟ್ ಪೀಸು ಸ್ವಲ್ಪ ಕಮ್ಮಿಗೆ ಸಿಗತ್ತೆ, ರಿಪೇರಿ ಬಂದ ದಿನ ಆ ಉಳಿತಾಯ ಎಲ್ಲಾ ಹೋಗತ್ತೆ.

ಸೆಕೆಂಡ್ ಹ್ಯಾಂಡ್ ಆದ್ರೆ ಇನ್ನೂ ನಾಲ್ಕು ಕೆಲ್ಸ ಇದೆ. ಝೂಮ್ ಪೂರ್ತಿ ಹೊರಗೆ ಒಳಗೆ ಮಾಡಿ, ಕರಕರ ಸದ್ದು ಬರ್ತಿದ್ರೆ ಬೇಡ. ಲೆನ್ಸ್ ಒಳಗೆ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನೋಡಿ, ಜೇಡರ ಬಲೆ ಥರ ಎಳೆ ಕಂಡ್ರೆ ಅದು ಬೂಷ್ಟು, ಎಷ್ಟೇ ಕಮ್ಮಿಗೆ ಕೊಟ್ರೂ ತಗೋಬೇಡಿ. ಎಫ್ 11ಗೆ ಇಟ್ಟು ಬರೀ ಆಕಾಶ ತೆಗೀರಿ, ಕಪ್ಪು ಚುಕ್ಕೆ ಕಂಡ್ರೆ ಸೆನ್ಸರ್ ಮೇಲೆ ಧೂಳು ಕೂತಿದೆ ಅಂತ, ಕಾಂಪ್ಯಾಕ್ಟ್‌ನಲ್ಲಿ ಲೆನ್ಸ್ ಬಿಚ್ಚೋಕೆ ಬರಲ್ಲ ಆದ್ರಿಂದ ಅದನ್ನ ಮನೇಲಿ ಒರೆಸೋಕಾಗಲ್ಲ. ಬ್ಯಾಟರಿ ತೆಗೆದು ಮೇಜಿನ ಮೇಲಿಟ್ಟು ನೋಡಿ, ಊದ್ಕೊಂಡಿದ್ರೆ ಅಲುಗಾಡತ್ತೆ.

ಹೆಜ್ಜೆ 7: ಮೊದಲ ಟ್ರಿಪ್‌ಗೆ ಸೆಟ್ಟಿಂಗ್

ಆಟೋದಲ್ಲೇ ಶುರು ಮಾಡಿ, ತಪ್ಪೇನಿಲ್ಲ. ಒಂದೇ ಒಂದು ಬಟನ್ ಮಾತ್ರ ಮೊದಲ ದಿನದಿಂದ ಕಲೀರಿ, ಪ್ಲಸ್ ಮೈನಸ್ ಗುರುತಿರೋ ಎಕ್ಸ್‌ಪೋಶರ್ ಕಾಂಪನ್ಸೇಶನ್, ಫೋಟೋನ ಬೆಳ್ಳಗೆ ಕಪ್ಪಗೆ ಮಾಡೋದು. ಪೂರ್ತಿ ಆಟೋದಲ್ಲಿ ಅದು ಸರಿಯಾಗಿ ಸಿಗಲ್ಲ, ಅದಕ್ಕೆ ಡಯಲ್ ಪಿ ಮೇಲಿಡಿ, ಅದೂ ಹೆಚ್ಚೂಕಮ್ಮಿ ಆಟೋನೇ. ಕ್ಯಾಮೆರಾ ಏನೇ ನೋಡಿದ್ರೂ ಅದನ್ನ ಮಧ್ಯಮ ಬೂದಿ ಬಣ್ಣ ಮಾಡೋಕೆ ನೋಡತ್ತೆ, ಹಂಗಾಗಿ ಬಾಬಾಬುಡನ್‌ಗಿರಿ ಮಂಜು ಬೆಳ್ಳಗೆ ಬರೋದು ಬಿಟ್ಟು ಮಂಕಾಗಿ ಬರತ್ತೆ. ಪ್ಲಸ್ 0.7 ಅಥವಾ ಪ್ಲಸ್ 1 ಇಡಿ, ಮಂಜು ಮಂಜಾಗೇ ಕಾಣತ್ತೆ. ಬೆಳ್ಳಗೆ ಹೂ ಬಿಟ್ಟ ಕಾಫಿ ತೋಟಕ್ಕೂ ಇದೇ. ಗುಡಿ ಒಳಗಿನ ಕಪ್ಪು ಕಂಬಕ್ಕೆ ಉಲ್ಟಾ, ಮೈನಸ್ 0.7. ಮಂಜಲ್ಲಿ ಫೋಕಸ್ ಹಿಡೀದೇ ಲೆನ್ಸ್ ಹಿಂದೆ ಮುಂದೆ ಆಡ್ತಿದ್ರೆ ಮರದ ಅಂಚು, ರಸ್ತೆ ಕಲ್ಲು, ಯಾವುದಾದ್ರೂ ಗೆರೆ ಇರೋ ಜಾಗಕ್ಕೆ ಫೋಕಸ್ ಮಾಡಿ, ಟಚ್ ಸ್ಕ್ರೀನ್ ಇದ್ರೆ ಅಲ್ಲೇ ಮುಟ್ಟಿ. ಗರ್ಭಗುಡಿ ಕಡೆ ಕ್ಯಾಮೆರಾ ಎತ್ತಬೇಡಿ, ಪೂಜೆ ನಡೆಯೋ ಗುಡಿ ಅವು.

ಹೆಜ್ಜೆ 8: ಮಳೆಗಾಲದಲ್ಲಿ ಉಳಿಸ್ಕೊಳ್ಳೋದು

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯವರು ಇದನ್ನ ಗಮನ ಇಟ್ಟು ಓದಿ, ಬಯಲುಸೀಮೆಯವರಿಗೆ ಇಷ್ಟು ಕಷ್ಟ ಇಲ್ಲ. ಗಾಳಿಲಿ ತೇವ 60 ಪರ್ಸೆಂಟ್ ದಾಟಿ ದಿನಗಟ್ಟಲೆ ಹಂಗೇ ಇದ್ರೆ ಲೆನ್ಸ್ ಒಳಗೆ ಬೂಷ್ಟು ಬೆಳೆಯತ್ತೆ, ಒಳಗಿನ ಕೋಟಿಂಗ್ ತಿಂದ್ಹಾಕತ್ತೆ. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ತೇವ ತಿಂಗಳುಗಟ್ಟಲೆ ಇರತ್ತೆ. ಬೀರುವಲ್ಲಿ ಬಟ್ಟೆ ಮಧ್ಯ, ಲೆದರ್ ಕವರ್ ಒಳಗೆ ಇಡೋದು ಎಲ್ಲಕ್ಕಿಂತ ಕೆಟ್ಟದ್ದು, ಲೆದರ್ರೂ ಬಟ್ಟೇನೂ ತೇವ ಹಿಡಿದಿಟ್ಕೊಳ್ಳತ್ತೆ. ಗಾಳಿ ಆಡದ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಬಣ್ಣ ಬದಲಾಯಿಸೋ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸೋ ಸಣ್ಣ ಹೈಗ್ರೋಮೀಟರ್, ಇಷ್ಟು ಸಾಕು. 40ರಿಂದ 50ರ ಮಧ್ಯ ಇರ್ಲಿ. ಜೆಲ್ ಬಣ್ಣ ಬದಲಾದ್ರೆ ಸಣ್ಣ ಉರೀಲಿ ಬಿಸಿ ಮಾಡಿ ಮತ್ತೆ ಮೊದಲಿನ ಬಣ್ಣ ಬಂದ ಮೇಲೆ ಆರಿಸಿ ವಾಪಸ್ ಹಾಕಿ, ಅಡುಗೆ ಪಾತ್ರೇಲಿ ಮಾತ್ರ ಮಾಡ್ಬೇಡಿ, ನೀಲಿ ಜೆಲ್ಲಲ್ಲಿ ಕೋಬಾಲ್ಟ್ ಇರತ್ತೆ, ವಿಷ. ಅಕ್ಕೀಲಿ ಹೂತಿಡೋದು ಬೇಡ, ಅದರ ಹಿಟ್ಟು ಲೆನ್ಸ್ ಸಂದಿಗೆ ಹೋಗತ್ತೆ. ನುಸಿಗುಳಿಗೇನೂ ಹಾಕ್ಬೇಡಿ. ವಾರಕ್ಕೊಂದ್ಸಲ ಆದ್ರೂ ತೆಗೆದು ಬಳಸಿ, ಝೂಮ್ ಆಡಿಸಿ.

ಎಸಿ ರೂಮಿಂದ ಅಥವಾ ಎಸಿ ಕಾರಿಂದ ಸೀದಾ ಹೊರಗಿನ ಸೆಕೆಗೆ ತಂದ್ರೆ ಗಾಜಿನ ಮೇಲೆ ನೀರು ಕೂರತ್ತೆ, ಒಳಗೂ ಕೂರಬಹುದು. ಜಿಪ್ ಕವರಲ್ಲಿ ಹಾಕಿ ಹೊರಗೆ ತಂದು ಅರ್ಧ ಗಂಟೆ ಬಿಟ್ಟು ತೆಗೀರಿ. ಬೇಸಿಗೇಲಿ ಝರಿ ಫಾಲ್ಸ್‌ಗೆ ಜೀಪಲ್ಲಿ ಹೋಗೋವಾಗ್ಲೂ ಅದೇ ಜಿಪ್ ಕವರ್ ಬೇಕು, ಒಳಗೆ ಹೊರಗೆ ಆಡೋ ಲೆನ್ಸ್ ಧೂಳು ಎಳ್ಕೊಳ್ಳತ್ತೆ.

ಇಷ್ಟೆಲ್ಲಾ ಮಾಡಿದ್ರೂ ಬೂಷ್ಟು ಕಂಡ್ರೆ ಯೂಟ್ಯೂಬ್ ನೋಡ್ಕೊಂಡು ಬಿಚ್ಚೋಕೆ ಹೋಗ್ಬೇಡಿ, ಫ್ಲಾಶ್ ಇರೋ ಕ್ಯಾಮೆರಾದ ಕೆಪಾಸಿಟರಲ್ಲಿ ಬ್ಯಾಟರಿ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯೋ ಅಷ್ಟು ಕರೆಂಟ್ ಉಳಿದಿರತ್ತೆ. ಶುರುವಲ್ಲೇ ಸರ್ವಿಸ್ ಸೆಂಟರ್‌ಗೆ ಕೊಟ್ರೆ ಉಳಿಯೋ ಸಾಧ್ಯತೆ ಜಾಸ್ತಿ. ಕೊಡೋವಾಗ ಮೆಮೊರಿ ಕಾರ್ಡು ತೆಗೆದಿಟ್ಕೊಳ್ಳಿ, ಸೀರಿಯಲ್ ನಂಬರ್ ಬರೆದಿರೋ ಆ ಬಿಲ್ ಜೊತೇಲಿ ತಗೊಂಡು ಹೋಗಿ.